ಮೆಮೊರಿ, ಸ್ಟೋರೇಜ್, ಸಿಂಕ್, ಬ್ಯಾಕಪ್: ಕೊಳ್ಳುವ ಮುನ್ನ ಪದಗಳ ಹೋಲಿಕೆ

ಬಾಗಲಕೋಟೆಯ ನವನಗರದಲ್ಲಿ ಕಂಪ್ಯೂಟರ್ ದುರಸ್ತಿಯ ಕೆಲಸ ಮಾಡುವ ನನ್ನ ಬಳಿಗೆ ಬರುವವರಲ್ಲಿ ಹೆಚ್ಚಿನವರು ಕೇಳುವುದು "ಯಾವುದು ತಗೋಬೇಕ್ರಿ?" ಎಂಬ ಒಂದೇ ಪ್ರಶ್ನೆಯನ್ನು. ಅದಕ್ಕೆ ಉತ್ತರ ಹೇಳುವ ಮೊದಲು ಅವರು ಬಳಸುತ್ತಿರುವ ಪದದ ಹಿಂದೆ ಯಾವ ಅರ್ಥವಿದೆ ಎಂದು ನಾನು ವಿಚಾರಿಸಬೇಕಾಗುತ್ತದೆ. "ಮೆಮೊರಿ ಫುಲ್ ಆಗೇತ್ರಿ, ರ‍್ಯಾಮ್ ಹೆಚ್ಚ ಮಾಡ್ರಿ" ಎಂದು ಬಂದವರ ಯಂತ್ರದಲ್ಲಿ ರ‍್ಯಾಮ್ ಸಾಕಷ್ಟಿರುತ್ತದೆ, ತುಂಬಿರುವುದು ಡಿಸ್ಕ್. "ಬ್ಯಾಕಪ್ ಐತ್ರಿ, ಎಲ್ಲಾ ಡ್ರೈವ್‌ದಾಗ ಐತಿ" ಎಂದು ಧೈರ್ಯವಾಗಿ ಕುಳಿತವರ ಬಳಿ ಬ್ಯಾಕಪ್ ಎಂಬುದು ಹಲವು ವೇಳೆ ಇರುವುದೇ ಇಲ್ಲ. ತಪ್ಪು ಪದದಿಂದ ಹೊರಟವರು ತಪ್ಪು ಸಾಧನವನ್ನು ಕೊಂಡು ಮನೆಗೆ ಹೋಗುತ್ತಾರೆ. ಆ ತಪ್ಪು ತಿಳಿಯುವುದು ಲೆಕ್ಕಪತ್ರವೋ ಮದುವೆಯ ಫೋಟೋಗಳೋ ಕೈತಪ್ಪಿದ ಮೇಲೆ. ಆದ್ದರಿಂದ ಈ ಬರಹದಲ್ಲಿ ಸಾಧನಗಳ ಜೊತೆಗೆ ಪದಗಳನ್ನೂ ಅಕ್ಕಪಕ್ಕದಲ್ಲಿಟ್ಟು ಹೋಲಿಸಿದ್ದೇನೆ.

ಮೆಮೊರಿ ಮತ್ತು ಸ್ಟೋರೇಜ್

ಗುಳೇದಗುಡ್ಡದ ಯಾವುದೇ ಖಣದ (ಕುಪ್ಪಸದ ಬಟ್ಟೆಯ) ಅಂಗಡಿಯಲ್ಲಿ ಎರಡು ಜಾಗಗಳಿರುತ್ತವೆ. ಗೋಡೆಗುಂಟ ಇರುವ ಕಪಾಟುಗಳಲ್ಲಿ ಎಲ್ಲ ಮಾಲು ಮಡಚಿ ಕುಳಿತಿರುತ್ತದೆ. ಗಿರಾಕಿ ಬಂದಾಗ ಅದರಲ್ಲಿ ಹತ್ತಿಪ್ಪತ್ತು ಖಣಗಳು ಮಾತ್ರ ಗಾದಿಯ ಮೇಲೆ ಬಿಚ್ಚಿಕೊಳ್ಳುತ್ತವೆ. ರಾತ್ರಿ ಬಾಗಿಲು ಹಾಕುವಾಗ ಗಾದಿ ಬರಿದಾಗುತ್ತದೆ, ಕಪಾಟು ಬರಿದಾಗುವುದಿಲ್ಲ. ಕಂಪ್ಯೂಟರಿನಲ್ಲಿ ರ‍್ಯಾಮ್ ಎಂಬ ಮೆಮೊರಿಯು ಗಾದಿ, ಹಾರ್ಡ್ ಡಿಸ್ಕ್ ಅಥವಾ ಎಸ್ಎಸ್‌ಡಿ ಎಂಬ ಸ್ಟೋರೇಜು ಕಪಾಟು. ರ‍್ಯಾಮಿನಲ್ಲಿರುವುದು ವಿದ್ಯುತ್ ಹೋದ ಕ್ಷಣವೇ ಅಳಿಯುತ್ತದೆ. ಉಳಿಸದೇ ಬಿಟ್ಟ ಪತ್ರವು ಕರೆಂಟ್ ಹೋದಾಗ ಮಾಯವಾಗುವುದಕ್ಕೆ ಕಾರಣ ಇದೇ.

ಆಯ್ಕೆಯ ದೃಷ್ಟಿಯಿಂದ ಹೇಳುವುದಾದರೆ, ಹತ್ತು ಕಿಟಕಿಗಳನ್ನು ಒಟ್ಟಿಗೆ ತೆರೆದಾಗ ಯಂತ್ರವು ತಡವರಿಸುತ್ತಿದ್ದರೆ ಗಾದಿ ಸಣ್ಣದಾಗಿದೆ ಎಂದರ್ಥ, ರ‍್ಯಾಮ್ ಹೆಚ್ಚಿಸಬೇಕು. ಹೊಸ ಕಡತವನ್ನು ಉಳಿಸಲು ಜಾಗವಿಲ್ಲ ಎಂಬ ಸೂಚನೆ ಬರುತ್ತಿದ್ದರೆ ಕಪಾಟು ತುಂಬಿದೆ. ಒಂದೇ ಕಡತವನ್ನು ತೆರೆಯಲೂ ಯಂತ್ರ ನಿಮಿಷಗಟ್ಟಲೆ ಕಾಯಿಸುತ್ತಿದ್ದರೆ ಬಹುಶಃ ಕಪಾಟಿನ ಬಾಗಿಲೇ ನಿಧಾನ, ಅಂದರೆ ಹಳೆಯ ಹಾರ್ಡ್ ಡಿಸ್ಕನ್ನು ತೆಗೆದು ಎಸ್ಎಸ್‌ಡಿ ಹಾಕಿಸಬೇಕು. ಹೊಸ ಯಂತ್ರ ಕೊಳ್ಳುವ ಹಣದ ಸಣ್ಣ ಪಾಲಿನಲ್ಲಿ ಈ ಮೂರನೆಯ ಬದಲಾವಣೆಯೊಂದರಿಂದಲೇ ಎಂಟು ಹತ್ತು ವರ್ಷದ ಯಂತ್ರಗಳು ಮತ್ತೆ ಕೆಲಸಕ್ಕೆ ನಿಂತದ್ದನ್ನು ನಾನು ಅನೇಕ ಸಲ ಕಂಡಿದ್ದೇನೆ.

1 ಟಿಬಿ ಎಂಬುದು 931 ಆಗುವ ಬಗೆ

1 ಟಿಬಿಯ, ಅಂದರೆ 1,000 ಜಿಬಿಯ, ಹೊಸ ಡಿಸ್ಕನ್ನು ಜೋಡಿಸಿದ ದಿನವೇ "69 ಜಿಬಿ ಕಡಿಮೆ ಕೊಟ್ಟಾರ್ರಿ" ಎಂದು ಜಗಳಕ್ಕೆ ಬಂದವರಿದ್ದಾರೆ. ಯಾರೂ ಕಡಿಮೆ ಕೊಟ್ಟಿರುವುದಿಲ್ಲ. ಡಿಸ್ಕ್ ತಯಾರಕರು 1 ಜಿಬಿ ಎಂದರೆ 100 ಕೋಟಿ ಬೈಟ್ ಎಂದು ಎಣಿಸುತ್ತಾರೆ. ವಿಂಡೋಸ್ ಮಾತ್ರ 1024ರ ಮೂರನೆಯ ಘಾತವನ್ನು, ಅಂದರೆ 107,37,41,824 ಬೈಟುಗಳನ್ನು, 1 ಜಿಬಿ ಎಂದು ತೋರಿಸುತ್ತದೆ. ಈ ಎರಡನೆಯ ಅಳತೆಗೆ ಗಿಬಿಬೈಟ್ ಎಂಬ ಪ್ರತ್ಯೇಕ ಹೆಸರನ್ನು ಅಂತರರಾಷ್ಟ್ರೀಯ ವಿದ್ಯುತ್ ತಾಂತ್ರಿಕ ಆಯೋಗವು 1998ರಲ್ಲಿಯೇ ಕೊಟ್ಟಿದ್ದರೂ ಅದು ಪೇಟೆಗೆ ಇಳಿಯಲಿಲ್ಲ. ಹಾಗಾಗಿ 1 ಟಿಬಿ ಡಿಸ್ಕು ಪರದೆಯ ಮೇಲೆ 931 ಎಂದು ಕಾಣಿಸುತ್ತದೆ, 500 ಜಿಬಿಯದು 465 ಎಂದು ಕಾಣಿಸುತ್ತದೆ. ನಿಮಗೆ ಬೇಕಾದ ಜಾಗವನ್ನು ವಿಂಡೋಸಿನ ಲೆಕ್ಕದಲ್ಲಿ ಅಳೆದಿದ್ದರೆ ಕೊಳ್ಳುವಾಗ ಹತ್ತಕ್ಕೆ ಒಂದರಂತೆ ಹೆಚ್ಚಿಗೆ ಹಿಡಿಯಿರಿ.

ಇನ್ನೊಂದು ಗೊಂದಲ ಬಿಟ್ ಮತ್ತು ಬೈಟುಗಳದು. ಇಂಟರ್ನೆಟ್ಟಿನ ವೇಗವನ್ನು ಬಿಟ್‌ನಲ್ಲಿ ಹೇಳುತ್ತಾರೆ, ಕಡತದ ಗಾತ್ರವನ್ನು ಬೈಟ್‌ನಲ್ಲಿ ಹೇಳುತ್ತಾರೆ, ಎಂಟು ಬಿಟ್‌ಗೆ ಒಂದು ಬೈಟ್. 40 ಎಂಬಿಪಿಎಸ್ (ಸೆಕೆಂಡಿಗೆ 40 ಮೆಗಾಬಿಟ್) ಸಂಪರ್ಕವೆಂದರೆ ಸೆಕೆಂಡಿಗೆ 5 ಎಂಬಿ (ಮೆಗಾಬೈಟ್) ಮಾತ್ರ. ಒಂದು ಮದುವೆಯ 300 ಜಿಬಿ ವಿಡಿಯೋವನ್ನು ಆ ಸಂಪರ್ಕದಲ್ಲಿ ಕ್ಲೌಡಿಗೆ, ಅಂದರೆ ಇಂಟರ್ನೆಟ್ ಮೂಲಕ ಬಳಸುವ ದೂರದ ಸ್ಟೋರೇಜಿಗೆ, ಏರಿಸಲು 60,000 ಸೆಕೆಂಡು, ಅಂದರೆ ತಡೆಯಿಲ್ಲದೆ ಸುಮಾರು ಹದಿನೇಳು ತಾಸು ಬೇಕು. ಈ ಲೆಕ್ಕವನ್ನು ಮೊದಲೇ ಮಾಡಿಕೊಂಡವರು ಫೋಟೋ ಸ್ಟುಡಿಯೋಕ್ಕೆ ಕ್ಲೌಡ್ ಒಂದೇ ಸಾಕೆಂದು ಹೇಳಲಾರರು.

ಹಾರ್ಡ್ ಡಿಸ್ಕ್, ಎಸ್ಎಸ್‌ಡಿ, ಪೆನ್ ಡ್ರೈವ್

1956ರಲ್ಲಿ ಐಬಿಎಂ ಹೊರತಂದ ಮೊದಲ ಹಾರ್ಡ್ ಡಿಸ್ಕಿನಲ್ಲಿ ತಲಾ 24 ಇಂಚು ಅಗಲದ 50 ತಟ್ಟೆಗಳಿದ್ದವು; ಅಷ್ಟು ದೊಡ್ಡ ಯಂತ್ರದಲ್ಲಿ ಹಿಡಿಸುತ್ತಿದ್ದುದು 50 ಲಕ್ಷ ಅಕ್ಷರಗಳು. ಇಂದು ಅಂಗೈಯಲ್ಲಿ ಹಿಡಿಯುವ ಡಿಸ್ಕಿನಲ್ಲಿಯೂ ಮೂಲತತ್ತ್ವ ಅದೇ. ನಿಮಿಷಕ್ಕೆ 5,400 ಅಥವಾ 7,200 ಸುತ್ತು ತಿರುಗುವ ತಟ್ಟೆ, ಅದರ ಮೇಲೆ ತಗುಲದಂತೆ ತೇಲುವ ಓದುಗ ಮೊನೆ. ಮೊನೆಗೂ ತಟ್ಟೆಗೂ ನಡುವಿನ ಅಂತರ ಕೆಲವೇ ನ್ಯಾನೋಮೀಟರ್. ಒಂದು ಕೂದಲಿನ ದಪ್ಪವೇ ಹತ್ತಾರು ಸಾವಿರ ನ್ಯಾನೋಮೀಟರ್ ಇರುತ್ತದೆ. ತಿರುಗುತ್ತಿರುವ ಎಕ್ಸ್‌ಟರ್ನಲ್ ಡಿಸ್ಕು ಮೇಜಿನಿಂದ ಬಿದ್ದರೆ ಏನಾಗುತ್ತದೆಂಬುದನ್ನು ಇದರಿಂದಲೇ ಊಹಿಸಬಹುದು. ಎಸ್ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ, ಫ್ಲ್ಯಾಶ್ ಚಿಪ್ಪಿನ ಕೋಶಗಳಲ್ಲಿ ವಿದ್ಯುದಾವೇಶವನ್ನು ಕೂಡಿಟ್ಟು ಅದು ದತ್ತಾಂಶವನ್ನು ನೆನಪಿಡುತ್ತದೆ. ಹಾರ್ಡ್ ಡಿಸ್ಕು ಸೆಕೆಂಡಿಗೆ 100ರಿಂದ 200 ಎಂಬಿ ಓದಿದರೆ ಸಾಟಾ ಎಂಬ ಹಳೆಯ ಜೋಡಣೆಯ ಎಸ್ಎಸ್‌ಡಿ 550 ಎಂಬಿಯ ಆಸುಪಾಸಿನಲ್ಲಿ ಓದುತ್ತದೆ, ಎನ್‌ವಿಎಂಇ ಎಂಬ ಬಗೆಯದು ಅದರ ಹಲವು ಪಟ್ಟು ಓದುತ್ತದೆ. ಟ್ಯಾಲಿ, ವರ್ಡ್, ಬ್ರೌಸರ್ ಇಷ್ಟೇ ಕೆಲಸವಿದ್ದವರಿಗೆ ಈ ಎರಡು ಬಗೆಯ ಎಸ್ಎಸ್‌ಡಿಗಳ ನಡುವಿನ ಅಂತರ ಅನುಭವಕ್ಕೆ ಬರುವುದೇ ಕಷ್ಟ. ಅದಕ್ಕೆ ಕೊಡುವ ಹೆಚ್ಚಿನ ದುಡ್ಡನ್ನು ಕರೆಂಟ್ ಹೋದಾಗ ಯಂತ್ರವನ್ನು ಕೆಲಹೊತ್ತು ನಡೆಸುವ ಒಂದು ಒಳ್ಳೆಯ ಯುಪಿಎಸ್‌ಗೆ ಹಾಕುವುದು ಮೇಲು.

ಎಸ್ಎಸ್‌ಡಿ "ಬರೆದು ಬರೆದು ಸವೆಯುತ್ತದೆ" ಎಂಬ ಅಂಜಿಕೆ ನಮ್ಮಲ್ಲಿ ಇನ್ನೂ ಇದೆ. ಸವೆಯುವುದು ನಿಜ, ಆದರೆ ಲೆಕ್ಕ ಹಾಕಿ ನೋಡಿರಿ: ಪೆಟ್ಟಿಗೆಯ ಮೇಲೆ 300 ಟಿಬಿಡಬ್ಲ್ಯೂ ಎಂದಿದ್ದರೆ ಒಟ್ಟು 300 ಟಿಬಿ ಬರೆಯಬಹುದು ಎಂದರ್ಥ, ದಿನಕ್ಕೆ 20 ಜಿಬಿ ಬರೆದರೂ 15,000 ದಿನ, ಅಂದರೆ ನಲವತ್ತು ವರ್ಷ ಮೀರುತ್ತದೆ. ಅಷ್ಟರೊಳಗೆ ಆ ಯಂತ್ರ ಬೇರೆ ಯಾವುದೋ ಕಾರಣಕ್ಕೆ ಗುಜರಿ ಸೇರಿರುತ್ತದೆ. ಅಂಜಬೇಕಾದ ಸಂಗತಿ ಬೇರೆ ಇದೆ. ಎಸ್ಎಸ್‌ಡಿಯನ್ನು ವಿದ್ಯುತ್ತಿಲ್ಲದೆ ವರ್ಷಗಟ್ಟಲೆ ಇಟ್ಟರೆ ಕೋಶಗಳ ಆವೇಶವು ನಿಧಾನವಾಗಿ ಸೋರುತ್ತದೆ, ಇಟ್ಟ ಜಾಗ ಬಿಸಿಯಾಗಿದ್ದಷ್ಟೂ ಬೇಗ ಸೋರುತ್ತದೆ. ಜೆಡೆಕ್ ಎಂಬ ಮಾನಕ ಸಂಸ್ಥೆಯ ಪ್ರಕಾರ ಸಾಮಾನ್ಯ ಬಳಕೆಯ ಎಸ್ಎಸ್‌ಡಿಯು ತನ್ನ ಬರೆಯುವ ಆಯುಷ್ಯವನ್ನೆಲ್ಲ ಮುಗಿಸಿದ ಮೇಲೆ, 30 ಡಿಗ್ರಿ ಉಷ್ಣತೆಯಲ್ಲಿ, ವಿದ್ಯುತ್ತಿಲ್ಲದೆ ಒಂದು ವರ್ಷ ದತ್ತಾಂಶವನ್ನು ಹಿಡಿದಿಟ್ಟರೆ ಸಾಕು. ಹೊಸ ಡ್ರೈವ್ ಇದಕ್ಕಿಂತ ಬಹಳ ಹೆಚ್ಚು ಕಾಲ ತಾಳುತ್ತದೆ. ಆದರೂ ಏಪ್ರಿಲ್-ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ನಮ್ಮ ಊರಿನ ತಗಡಿನ ಮಾಳಿಗೆಯ ಕೋಣೆಯಲ್ಲಿ, ತಿಜೋರಿಯೊಳಗೆ, ಐದು ವರ್ಷ ಮುಟ್ಟದೆ ಇಡುವ ವಸ್ತು ಅದಲ್ಲ. ದಿನದ ಕೆಲಸಕ್ಕೆ ಎಸ್ಎಸ್‌ಡಿ ಇರಲಿ, ಇಟ್ಟು ಮರೆಯುವುದಕ್ಕೆ ಹಾರ್ಡ್ ಡಿಸ್ಕ್ ಇರಲಿ. ಮರೆತದ್ದನ್ನೂ ವರ್ಷಕ್ಕೊಮ್ಮೆ ಜೋಡಿಸಿ ತಿರುಗಿಸಿರಿ.

ಪೆನ್ ಡ್ರೈವಿನ ಬಗ್ಗೆ ನನ್ನದು ಸ್ವಲ್ಪ ಕಟುವಾದ ಅಭಿಪ್ರಾಯ. ಅದು ಒಂದು ಕಡೆಯಿಂದ ಇನ್ನೊಂದು ಕಡೆಗೆ ಒಯ್ಯುವ ಚೀಲ, ಕೂಡಿಡುವ ಪೆಟ್ಟಿಗೆಯಲ್ಲ. ಅಗ್ಗದ ಬೆಲೆಗೆ ಮಾರುವ "2 ಟಿಬಿ" ಪೆನ್ ಡ್ರೈವುಗಳಲ್ಲಿ ಅನೇಕವು ಸುಳ್ಳು ಗಾತ್ರವನ್ನು ತೋರಿಸುವಂತೆ ತಿದ್ದಿದವು. ಒಳಗಿರುವುದು 32 ಜಿಬಿಯ ಚಿಪ್ಪಾದರೂ ಕಂಪ್ಯೂಟರಿಗೆ 2 ಟಿಬಿ ಎಂದು ಹೇಳುತ್ತವೆ, ತುಂಬಿದ ಮೇಲೆ ಬರೆದದ್ದೆಲ್ಲ ಎಲ್ಲೂ ಉಳಿಯುವುದಿಲ್ಲ. ಕಡತದ ಹೆಸರು ಕಾಣುತ್ತಿರುತ್ತದೆ, ತೆರೆದರೆ ಒಳಗೆ ಏನೂ ಇರುವುದಿಲ್ಲ.

ಇಲ್ಲಿಯೇ ಫೈಲ್ ಸಿಸ್ಟಂ (ಡ್ರೈವಿನಲ್ಲಿ ಕಡತಗಳನ್ನು ಜೋಡಿಸಿಡುವ ವ್ಯವಸ್ಥೆ) ಎಂಬ ಪದವನ್ನೂ ತಿಳಿದಿರಬೇಕು. 64 ಜಿಬಿ ಪೆನ್ ಡ್ರೈವ್ ಖಾಲಿಯಿದ್ದರೂ 6 ಜಿಬಿಯ ಒಂದು ವಿಡಿಯೋ ಅದರಲ್ಲಿ ಇಳಿಯದೆ "ಕಡತ ಬಹಳ ದೊಡ್ಡದು" ಎಂಬ ತಕರಾರು ಬಂದರೆ, ಆ ಡ್ರೈವ್ ಫ್ಯಾಟ್32 ಎಂಬ ಹಳೆಯ ವ್ಯವಸ್ಥೆಯಲ್ಲಿದೆ; ಅದರಲ್ಲಿ ಒಂದೊಂದು ಕಡತವು 4 ಜಿಬಿಯನ್ನು ಮೀರುವಂತಿಲ್ಲ. ಎಕ್ಸ್‌ಫ್ಯಾಟ್‌ಗೆ ಬದಲಾಯಿಸಿದರೆ ಈ ತೊಂದರೆ ಹೋಗುತ್ತದೆ, ಆದರೆ ಬದಲಾಯಿಸುವಾಗ ಒಳಗಿರುವುದೆಲ್ಲ ಅಳಿಯುತ್ತದೆ. ಕೆಲವು ಹಳೆಯ ಟಿವಿಗಳು ಮತ್ತು ಗಾಡಿಗಳ ಆಡಿಯೋ ಪೆಟ್ಟಿಗೆಗಳು ಫ್ಯಾಟ್32 ಬಿಟ್ಟು ಬೇರೇನನ್ನೂ ಓದುವುದಿಲ್ಲ ಎಂಬುದನ್ನೂ ನೆನಪಿಡಿರಿ.

ಸಿಂಕ್, ಬ್ಯಾಕಪ್, ರೇಡ್, ಆರ್ಕೈವ್

ನಾಲ್ಕೂ ಪದಗಳಲ್ಲಿ "ಇನ್ನೊಂದು ಪ್ರತಿ" ಎಂಬ ಭಾವವಿದೆ. ಆದರೆ ಯಾವ ಅಪಾಯದಿಂದ ಯಾವುದು ಕಾಯುತ್ತದೆ ಎಂದು ಕೇಳಿದಾಗ ನಾಲ್ಕೂ ನಾಲ್ಕು ದಿಕ್ಕಿಗೆ ಹೋಗುತ್ತವೆ.

ಸಿಂಕ್ ಎಂದರೆ ಕನ್ನಡಿ. ಗೂಗಲ್ ಡ್ರೈವ್, ಒನ್‌ಡ್ರೈವ್, ಡ್ರಾಪ್‌ಬಾಕ್ಸ್ ಇವುಗಳು ಕಂಪ್ಯೂಟರಿನ ಒಂದು ಫೋಲ್ಡರನ್ನು ಕ್ಲೌಡಿನಲ್ಲಿ ಇದ್ದದ್ದು ಇದ್ದಂತೆ ತೋರಿಸುತ್ತವೆ. ಹಣೆಯ ಕುಂಕುಮವನ್ನು ಒರೆಸಿಕೊಂಡರೆ ಕನ್ನಡಿಯೊಳಗಿನ ಕುಂಕುಮವೂ ಹೋಗುತ್ತದೆ. ಹಾಗೆಯೇ ಕಚೇರಿಯ ಹುಡುಗನೊಬ್ಬ ಫೋಲ್ಡರನ್ನು ಅಳಿಸಿದರೆ ಸಿಂಕ್ ಅದನ್ನು ಎಲ್ಲ ಯಂತ್ರಗಳಲ್ಲಿಯೂ ಪ್ರಾಮಾಣಿಕವಾಗಿ ಅಳಿಸುತ್ತದೆ. ಗೂಗಲ್ ಡ್ರೈವಿನ ಕಸದಬುಟ್ಟಿಯಲ್ಲಿ ಅದು 30 ದಿನ ಉಳಿಯುತ್ತದೆ. ಆಡಿಟ್ ಬಂದ ಮೇಲೆ, ಅಂದರೆ ಆರು ತಿಂಗಳ ನಂತರ, ಹುಡುಕಿದರೆ ಸಿಗುವುದಿಲ್ಲ. ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ರ‍್ಯಾನ್ಸಂವೇರ್ ಬಂದಾಗಲೂ ಅಷ್ಟೇ, ಬೀಗ ಬಿದ್ದ ಕಡತಗಳೇ ಕನ್ನಡಿಯಲ್ಲಿ ಮೂಡುತ್ತವೆ. ಗೂಗಲ್ ಬಿಟ್ಟಿ ಕೊಡುವ 15 ಜಿಬಿಯಲ್ಲಿ ಜಿಮೇಲ್ ಮತ್ತು ಫೋಟೋಗಳೂ ಪಾಲು ಪಡೆಯುವುದರಿಂದ, ಅದು ತುಂಬಿದ ದಿನದಿಂದ ಹೊಸ ಕಡತಗಳು ಏರುವುದು ನಿಲ್ಲುತ್ತದೆ, ಅದನ್ನು ನೋಡುವವರು ಇರುವುದಿಲ್ಲ. ಹಾಗೆಂದು ಸಿಂಕ್ ನಿಷ್ಪ್ರಯೋಜಕವಲ್ಲ; ಜಮಖಂಡಿಯ ಶಾಖೆ ಮತ್ತು ಬಾಗಲಕೋಟೆಯ ಮುಖ್ಯ ಕಚೇರಿ ಒಂದೇ ಕಡತದ ಮೇಲೆ ಕೆಲಸ ಮಾಡಬೇಕಾದರೆ ಅದಕ್ಕಿಂತ ಅನುಕೂಲವಾದುದು ಇಲ್ಲ.

ಬ್ಯಾಕಪ್ ಎಂದರೆ ಬಿತ್ತನೆಗೆಂದು ತೆಗೆದಿಟ್ಟ ಜೋಳ. ಮನೆಯ ಜೋಳ ತೀರಿದರೂ ಹುಳ ಹಿಡಿದರೂ ಅದನ್ನು ಮುಟ್ಟಿರುವುದಿಲ್ಲವಾದ್ದರಿಂದ ಮತ್ತೆ ಬಿತ್ತಬಹುದು. ಬ್ಯಾಕಪ್ಪಿನ ಗುಣವೂ ಅದೇ: ಅದು ಮೂಲದಿಂದ ಬೇರ್ಪಟ್ಟಿರಬೇಕು, ನಿನ್ನೆಯ, ಕಳೆದ ವಾರದ, ಕಳೆದ ತಿಂಗಳ ಸ್ಥಿತಿಗಳು ಬೇರೆ ಬೇರೆಯಾಗಿ ಉಳಿದಿರಬೇಕು. ಸದಾ ಕಂಪ್ಯೂಟರಿಗೆ ಸಿಕ್ಕಿಸಿಯೇ ಇರುವ ಎಕ್ಸ್‌ಟರ್ನಲ್ ಡಿಸ್ಕನ್ನು ನಾನು ಅರ್ಧ ಬ್ಯಾಕಪ್ ಎಂದೇ ಎಣಿಸುತ್ತೇನೆ. ರ‍್ಯಾನ್ಸಂವೇರ್ ಅದಕ್ಕೂ ಬೀಗ ಹಾಕುತ್ತದೆ, ಸಿಡಿಲು ಬಡಿದರೆ ಎರಡೂ ಒಟ್ಟಿಗೆ ಸುಡುತ್ತವೆ.

ಈ ವೃತ್ತಿಯವರು 3-2-1 ಎಂಬ ನಿಯಮವನ್ನು ಹೇಳುತ್ತಾರೆ: ಒಟ್ಟು ಮೂರು ಪ್ರತಿ, ಎರಡು ಬಗೆಯ ಸಾಧನದಲ್ಲಿ, ಒಂದು ಬೇರೆ ಊರಿನಲ್ಲಿ ಅಥವಾ ಬೇರೆ ಜಾಗದಲ್ಲಿ. ಮೊದಲೆರಡನ್ನು ಜನ ಹೇಗೋ ಪಾಲಿಸುತ್ತಾರೆ, ಮೂರನೆಯದರಲ್ಲಿ ಎಡವುತ್ತಾರೆ. 2019ರ ಆಗಸ್ಟಿನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಒಟ್ಟಿಗೆ ಉಕ್ಕಿ ಬಂದಾಗ ನಮ್ಮ ಜಿಲ್ಲೆಯ ಜನರಿಗೆ ಒಂದು ಪಾಠ ಸಿಕ್ಕಿತು. ಸಂಘದ ಕಚೇರಿಯೂ ಕಾರ್ಯದರ್ಶಿಯವರ ಮನೆಯೂ ಅದೇ ಹೊಳೆಯ ದಂಡೆಯ ಅದೇ ಊರಿನಲ್ಲಿದ್ದರೆ, ಕಚೇರಿಯ ಡಿಸ್ಕಿನ ಪ್ರತಿಯನ್ನು ಮನೆಯಲ್ಲಿಟ್ಟದ್ದಕ್ಕೆ ಅರ್ಥವಿರುವುದಿಲ್ಲ. ಮುಧೋಳದವರು ಒಂದು ಪ್ರತಿಯನ್ನು ನವನಗರದ ಬೀಗರ ಮನೆಯಲ್ಲಿಟ್ಟರೆ, ಅಥವಾ ಎನ್‌ಕ್ರಿಪ್ಟ್ ಮಾಡಿ (ಪಾಸ್‌ವರ್ಡ್ ಇಲ್ಲದೆ ಓದಲಾಗದಂತೆ ಮಾಡಿ) ಕ್ಲೌಡಿನಲ್ಲಿಟ್ಟರೆ, ಅದು ನಿಜವಾದ ಮೂರನೆಯ ಪ್ರತಿ.

ರೇಡ್ ಎಂಬ ವ್ಯವಸ್ಥೆಯ ಹೆಸರು 1988ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ ಎಂಬ ಮೂವರು ಬರೆದ ಪ್ರಬಂಧದಿಂದ ಪ್ರಸಿದ್ಧವಾಯಿತು. ಹಲವು ಡಿಸ್ಕುಗಳನ್ನು ಒಂದಾಗಿ ಕಟ್ಟುವ ಕ್ರಮ ಅದು. 4 ಟಿಬಿಯ ಎರಡು ಡಿಸ್ಕುಗಳನ್ನು ರೇಡ್ 1ರಲ್ಲಿ ಕಟ್ಟಿದರೆ ಬಳಕೆಗೆ 4 ಟಿಬಿ ಸಿಗುತ್ತದೆ, ಒಂದು ಕೆಟ್ಟರೂ ಕೆಲಸ ನಿಲ್ಲುವುದಿಲ್ಲ. ರೇಡ್ 0ರಲ್ಲಿ ಕಟ್ಟಿದರೆ 8 ಟಿಬಿ ಸಿಗುತ್ತದೆ, ವೇಗವೂ ಹೆಚ್ಚುತ್ತದೆ, ಆದರೆ ಎರಡರಲ್ಲಿ ಯಾವುದು ಕೆಟ್ಟರೂ ಎಲ್ಲವೂ ಹೋಗುತ್ತದೆ. ನ್ಯಾಸ್ ಪೆಟ್ಟಿಗೆಯನ್ನು (ನೆಟ್‌ವರ್ಕಿಗೆ ಜೋಡಿಸಿ ಹಲವರು ಬಳಸುವ ಡಿಸ್ಕಿನ ಪೆಟ್ಟಿಗೆ) ಮಾರುವವರು ರೇಡ್ 1ನ್ನು ಬ್ಯಾಕಪ್ ಎಂದು ಹೇಳುವುದುಂಟು, ಅದನ್ನು ನಂಬಬೇಡಿರಿ. ಅದು ಎತ್ತಿನ ಜೋಡಿಗೆ ಇನ್ನೊಂದು ಎತ್ತನ್ನು ಕಟ್ಟಿಟ್ಟಂತೆ: ಒಂದು ಕುಂಟಿದರೆ ಗಳೆ ನಿಲ್ಲುವುದಿಲ್ಲ ನಿಜ, ತಪ್ಪು ಹೊಲವನ್ನು ಉತ್ತರೆ ಎಲ್ಲ ಎತ್ತುಗಳೂ ಸೇರಿಯೇ ಉತ್ತಿರುತ್ತವೆ. ದಿನಕ್ಕೆ ನೂರಾರು ಗ್ರಾಹಕರು ಬರುವ, ಒಂದು ತಾಸೂ ಕೆಲಸ ನಿಲ್ಲಬಾರದ ಕಚೇರಿಗೆ ರೇಡ್ ಬೇಕು. ಕಿರಾಣಿ ಅಂಗಡಿಗೆ ಅದರ ಖರ್ಚು ವ್ಯರ್ಥ.

ಆರ್ಕೈವ್‌ಗೆ ನಮ್ಮ ಸೀಮೆಯಲ್ಲಿ ಬೇರೆ ಉಪಮೆಯನ್ನು ಹುಡುಕಬೇಕಾಗಿಲ್ಲ, ಹಗೇವು ಇದೆ. ಸುಗ್ಗಿಯ ಜೋಳವನ್ನು ನೆಲದೊಳಗಿನ ಹಗೇವಿಗೆ ತುಂಬಿ ಬಾಯಿ ಮುಚ್ಚಿದ ಮೇಲೆ ದಿನಾ ತೆಗೆಯುವುದಿಲ್ಲ. ಮುಗಿದ ವರ್ಷದ ಲೆಕ್ಕ, ತೀರ್ಮಾನವಾದ ಮೊಕದ್ದಮೆಯ ಕಾಗದ, ಕೊಟ್ಟು ಮುಗಿಸಿದ ಮದುವೆಯ ಆಲ್ಬಂ ಇವೆಲ್ಲ ಇನ್ನು ಬದಲಾಗುವುದಿಲ್ಲ, ಆದರೆ ಬೇಕಾದಾಗ ಸಿಗಬೇಕು. ಇಂಥವನ್ನು ದಿನದ ಡಿಸ್ಕಿನಿಂದ ತೆಗೆದು ಪ್ರತ್ಯೇಕ ಡಿಸ್ಕಿನಲ್ಲಿ ಎರಡು ಪ್ರತಿ ಮಾಡಿ ಇಡುವುದು ಆರ್ಕೈವ್. ಬ್ಯಾಕಪ್ ಎಂಬುದು ಮೂಲದ ನಕಲು, ಆರ್ಕೈವ್ ಎಂಬುದು ಮೂಲವೇ. ಈ ಭೇದವನ್ನು ಮರೆತು "ಬ್ಯಾಕಪ್ ಡಿಸ್ಕಿನಲ್ಲಿ ಐತಲ್ಲ" ಎಂದು ಕಂಪ್ಯೂಟರಿನಲ್ಲಿದ್ದುದನ್ನು ಅಳಿಸಿದವರ ಬಳಿ ಆಗ ಉಳಿಯುವುದು ಒಂದೇ ಪ್ರತಿ.

ಇಲ್ಲೊಂದು ಹಳೆಯ ಮಾತು ನೆನಪಾಗುತ್ತದೆ. ನಾವು ಫೈಲಿಗೆ ಬಳಸುವ "ಕಡತ" ಎಂಬ ಪದ ಹಿಂದೆ ಇದ್ದುದು ಬಟ್ಟೆಯ ಪುಸ್ತಕಕ್ಕೆ. ಬಟ್ಟೆಗೆ ಹುಣಸೆಬೀಜದ ಅಂಟು ಮತ್ತು ಇದ್ದಿಲನ್ನು ಬಳಿದು ಮಡಚಿ, ಬಳಪದಿಂದ ಬರೆಯುತ್ತಿದ್ದರು, ಬೇಡವಾದಾಗ ಅಳಿಸಿ ಮತ್ತೆ ಬರೆಯುತ್ತಿದ್ದರು. ತಾಳೆಗರಿಯಲ್ಲಿ ಕಂಟದಿಂದ (ಕಬ್ಬಿಣದ ಮೊನೆಯಿಂದ) ಒಮ್ಮೆ ಕೊರೆದದ್ದನ್ನು ಅಳಿಸಲು ಬರುತ್ತಿರಲಿಲ್ಲ. ಇಂದಿನ ಡಿಸ್ಕುಗಳು ಆ ಕಡತದ ಜಾತಿ, ಒಮ್ಮೆ ಮಾತ್ರ ಬರೆಯಬಹುದಾದ ಡಿವಿಡಿ-ಆರ್ ತಾಳೆಗರಿಯ ಜಾತಿ. ಸಂಘದ ವಾರ್ಷಿಕ ಆಡಿಟ್ ವರದಿಯಂಥ ಸಣ್ಣ ಆದರೆ ತಿದ್ದಬಾರದ ಕಾಗದಗಳನ್ನು 4.7 ಜಿಬಿಯ ಅಂಥ ಒಂದು ಡಿವಿಡಿಯಲ್ಲಿ ಹೆಚ್ಚುವರಿ ಪ್ರತಿಯಾಗಿ ಇಡುವುದನ್ನು ನಾನು ಇಂದಿಗೂ ಸೂಚಿಸುತ್ತೇನೆ. ಅದನ್ನು ಓದುವ ಡ್ರೈವು ಹೊಸ ಲ್ಯಾಪ್‌ಟಾಪುಗಳಲ್ಲಿ ಬರುವುದಿಲ್ಲವಾದ್ದರಿಂದ ಒಂದು ಬಾಹ್ಯ ಡ್ರೈವನ್ನೂ ಜೊತೆಗೆ ಕೊಂಡಿಡಬೇಕು.

ಎಕ್ಸೆಲ್ ಶೀಟೋ ಡೇಟಾಬೇಸೋ

ಪತ್ತಿನ ಸಹಕಾರಿ ಸಂಘಗಳು ನಮ್ಮ ಜಿಲ್ಲೆಯಲ್ಲಿ ಓಣಿಗೊಂದರಂತೆ ಇವೆ. ಅವುಗಳಲ್ಲಿ ಸಣ್ಣವು ಸದಸ್ಯರ ಪಟ್ಟಿಯನ್ನು ಎಕ್ಸೆಲ್ಲಿನಲ್ಲಿ ಇಟ್ಟುಕೊಂಡಿರುತ್ತವೆ. ಐನೂರು ಸದಸ್ಯರಿಗೆ, ಒಬ್ಬರೇ ಗುಮಾಸ್ತರಿರುವಾಗ ಅದು ಸಾಕು. ತೊಂದರೆ ಹೆಚ್ಚಾಗುವುದು ಬೇರೆ ಕಡೆ. ಸೊನ್ನೆಯಿಂದ ಶುರುವಾಗುವ ಖಾತೆ ಸಂಖ್ಯೆಯನ್ನು ಟೈಪ್ ಮಾಡಿದರೆ ಎಕ್ಸೆಲ್ ಅದನ್ನು ಅಂಕಿಯೆಂದು ತಿಳಿದು ಸೊನ್ನೆಯನ್ನು ನುಂಗುತ್ತದೆ. 16 ಅಂಕಿಯ ಸಂಖ್ಯೆಯನ್ನು ಹಾಕಿದರೆ 15 ಅಂಕಿಯಷ್ಟನ್ನೇ ಹಿಡಿದು ಕೊನೆಯದನ್ನು ಸೊನ್ನೆ ಮಾಡುತ್ತದೆ. ಅಂಕಣವನ್ನು ಮೊದಲೇ "ಟೆಕ್ಸ್ಟ್" ಎಂದು ಗೊತ್ತುಮಾಡಿದರೆ ಮಾತ್ರ ಇದು ತಪ್ಪುತ್ತದೆ. ಸಾಲುಗಳಿಗೂ ಮಿತಿಯಿದೆ: ಈಗಿನ ಎಕ್ಸೆಲ್ಲಿನಲ್ಲಿ 10,48,576 ಸಾಲು, ಹಳೆಯ ಎಕ್ಸ್‌ಎಲ್‌ಎಸ್ ಕಡತದಲ್ಲಿ 65,536 ಸಾಲು. 2020ರಲ್ಲಿ ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಸಂಸ್ಥೆ ಈ ಹಳೆಯ ಮಿತಿಯನ್ನು ಗಮನಿಸದೆ 15,841 ಕೋವಿಡ್ ಪ್ರಕರಣಗಳನ್ನು ದಿನದ ಲೆಕ್ಕದಿಂದ ಬಿಟ್ಟುಬಿಟ್ಟಿತ್ತು.

ಡೇಟಾಬೇಸ್ ಹಳೆಯ ಕಿರ್ದಿ-ಖತಾವಣಿಯ ಶಿಸ್ತನ್ನು ಯಂತ್ರಕ್ಕೆ ಕಲಿಸಿದಂತೆ. ಒಂದು ಸಂಗತಿಯನ್ನು ಒಂದೇ ಕಡೆ ಬರೆಯುವುದು, ಉಳಿದ ಕಡೆಗಳಲ್ಲಿ ಅದರ ಪುಟಸಂಖ್ಯೆಯನ್ನು ಮಾತ್ರ ನಮೂದಿಸುವುದು. ಈ ಸಂಬಂಧಾತ್ಮಕ ಮಾದರಿಯನ್ನು ಐಬಿಎಂನ ಎಡ್ಗರ್ ಕಾಡ್ 1970ರಲ್ಲಿ ಮಂಡಿಸಿದರು. ಒಂದೇ ಊರಿನಲ್ಲಿ ಬಸವರಾಜ ಎಂಬ ಹೆಸರಿನ ಹದಿನಾಲ್ಕು ಸದಸ್ಯರಿದ್ದಾಗ, ಅವರಲ್ಲಿ ನಾಲ್ವರ ತಂದೆಯ ಹೆಸರೂ ಮಲ್ಲಪ್ಪ ಎಂದಿದ್ದಾಗ, ಸಾಲ ಯಾರ ಖಾತೆಗೆ ಹೋಗಬೇಕೆಂಬುದನ್ನು ತೀರ್ಮಾನಿಸುವುದು ಪ್ರೈಮರಿ ಕೀ, ಅಂದರೆ ಇಬ್ಬರಿಗೆ ಎಂದೂ ಒಂದೇ ಆಗದ ಸದಸ್ಯತ್ವ ಸಂಖ್ಯೆ. ಇಬ್ಬರಿಗಿಂತ ಹೆಚ್ಚು ಜನ ಒಟ್ಟಿಗೆ ನಮೂದಿಸುವಂತಿದ್ದರೆ, ಯಾರು ಯಾವಾಗ ತಿದ್ದಿದರೆಂಬುದು ಉಳಿಯಬೇಕಿದ್ದರೆ, ಸಂಘದ ವಹಿವಾಟು ಹಣದ್ದಾಗಿದ್ದರೆ ಡೇಟಾಬೇಸ್ ಇರುವ ತಂತ್ರಾಂಶವನ್ನೇ ಆರಿಸಿರಿ. ಮಾರುವವರನ್ನು ಒಂದು ಮಾತು ಕೇಳುವುದನ್ನು ಮರೆಯಬೇಡಿರಿ: ನಾಳೆ ನಾವು ನಿಮ್ಮನ್ನು ಬಿಟ್ಟರೆ ನಮ್ಮ ಎಲ್ಲ ದತ್ತಾಂಶವನ್ನು ಸಿಎಸ್‌ವಿ ಕಡತಗಳಾಗಿ (ಬೇರೆ ತಂತ್ರಾಂಶಗಳಲ್ಲೂ ತೆರೆಯುವ ಸಾದಾ ಪಟ್ಟಿಗಳಾಗಿ) ಹೊರತೆಗೆದು ಕೊಡುವಿರಾ? ಹಿಂದೆ ಒಂದು ತಂತ್ರಾಂಶದ ಏಜೆಂಟರು ಇದಕ್ಕೆ ಹೂಂ ಎಂದು, ಬೇಕಾದ ದಿನ ನನ್ನ ಗಿರಾಕಿಯೊಬ್ಬರಿಗೆ ಕೊಟ್ಟದ್ದು ಮುದ್ರಿಸಿದ ಪುಟಗಳ ಪಿಡಿಎಫ್. ಅಂದಿನಿಂದ ಈ ಮಾತನ್ನು ಕರಾರಿನಲ್ಲಿ ಬರೆಸಲು ಹೇಳುತ್ತಿದ್ದೇನೆ.

ಯೂನಿಕೋಡ್ ಮತ್ತು ಹಳೆಯ ಫಾಂಟಿನ ಬರಹ

ಐಹೊಳೆಯ ಮೇಗುತಿ ಬಸದಿಯ ಗೋಡೆಯಲ್ಲಿ ರವಿಕೀರ್ತಿ ಕ್ರಿ.ಶ. 634ರಲ್ಲಿ ಬರೆಸಿದ ಶಾಸನ ಇಂದಿಗೂ ಇದೆ. ಕಲ್ಲು ಉಳಿದಿದೆ, ಅಕ್ಷರ ಸವೆದಿಲ್ಲ, ಆದರೂ ಬೆಟ್ಟ ಹತ್ತಿ ಹೋದ ನಮ್ಮಂಥವರು ಅದನ್ನು ಓದಲಾರೆವು. ಭಾಷೆ ಸಂಸ್ಕೃತ, ಲಿಪಿ ಪ್ರಾಚೀನ ಕನ್ನಡದ್ದು, ಬಲ್ಲವರೇ ಓದಿ ಹೇಳಬೇಕು. ಸಾಧನ ಉಳಿಯುವುದು ಒಂದು, ಸಂಕೇತ ಅರ್ಥವಾಗುತ್ತ ಉಳಿಯುವುದು ಇನ್ನೊಂದು. ನಮ್ಮ ಮುದ್ರಣಾಲಯಗಳ ಹಾರ್ಡ್ ಡಿಸ್ಕುಗಳಲ್ಲಿ ಇಪ್ಪತ್ತು ಇಪ್ಪತ್ತೈದು ವರ್ಷದ ಕನ್ನಡ ಬರಹ ಇದೇ ಸ್ಥಿತಿಯಲ್ಲಿದೆ, ಅದೂ ಎರಡೇ ದಶಕಗಳಲ್ಲಿ.

ಕಾರಣ ಸರಳ. ನುಡಿ, ಬರಹ, ಶ್ರೀಲಿಪಿ ಮುಂತಾದ ತಂತ್ರಾಂಶಗಳ ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕಾರಗಳನ್ನು ಕೂರಿಸುತ್ತಿದ್ದವು. ಪರದೆಯ ಮೇಲೆ "ಬಾಗಲಕೋಟೆ" ಎಂದು ಕಂಡರೂ ಒಳಗಿರುವುದು ಅರ್ಥವಿಲ್ಲದ ರೋಮನ್ ಚಿಹ್ನೆಗಳು. ಆ ಫಾಂಟ್ ಇಲ್ಲದ ಯಂತ್ರದಲ್ಲಿ ಅದೇ ಕಸ ಕಾಣಿಸುತ್ತದೆ, ಹುಡುಕಿದರೆ ಸಿಗುವುದಿಲ್ಲ, ಅಕಾರಾದಿಯಾಗಿ ಜೋಡಿಸಲೂ ಆಗುವುದಿಲ್ಲ. ಯೂನಿಕೋಡ್‌ನಲ್ಲಿ ಕನ್ನಡದ ಪ್ರತಿಯೊಂದು ಅಕ್ಷರ ಮತ್ತು ಕಾಗುಣಿತ ಚಿಹ್ನೆಗೆ ತನ್ನದೇ ಸಂಖ್ಯೆ ಇದೆ, 1991ರ ಮೊದಲ ಆವೃತ್ತಿಯಿಂದಲೂ ಇದೆ. ಯುಟಿಎಫ್-8 ಎಂಬುದು ಆ ಸಂಖ್ಯೆಗಳನ್ನು ಬೈಟುಗಳಾಗಿ ಬರೆದಿಡುವ ಕ್ರಮ. ಅದರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ 3 ಬೈಟ್ ಬೇಕಾಗುವುದರಿಂದ "ಬಾಗಲಕೋಟೆ" ಎಂಬ ಪದವು 24 ಬೈಟ್ ಹಿಡಿಯುತ್ತದೆ. ಜಾಗ ಹೆಚ್ಚು ಹೋಗುತ್ತದೆಂದು ಕೆಲವರು ಹಿಂಜರಿಯುತ್ತಾರೆ. ಆದರೆ ಒಂದು ಮೊಬೈಲ್ ಫೋಟೋ ತಿನ್ನುವ ಜಾಗದಲ್ಲಿ ಒಂದು ದಪ್ಪ ಪುಸ್ತಕದ ಪಠ್ಯವೇ ಕುಳಿತುಕೊಳ್ಳುತ್ತದೆ.

ಹೊಸದಾಗಿ ಬರೆಯುವುದೆಲ್ಲ ಯೂನಿಕೋಡ್‌ನಲ್ಲಿಯೇ ಇರಲಿ, ಇದರಲ್ಲಿ ಆಯ್ಕೆಯ ಪ್ರಶ್ನೆ ಇಲ್ಲ. ಹಳೆಯ ಕಡತಗಳನ್ನು ಪರಿವರ್ತಕದಿಂದ ಬದಲಾಯಿಸುವಾಗ ಅರ್ಕಾವತ್ತು, ಒತ್ತಕ್ಷರಗಳು ಮತ್ತು ಅಂಕಿಗಳನ್ನು ಒಬ್ಬರು ಕಣ್ಣಿಟ್ಟು ಓದಬೇಕು, ಮೂಲ ಕಡತವನ್ನು ಅಳಿಸಬಾರದು, ಆ ಹಳೆಯ ಫಾಂಟನ್ನೂ ಅದೇ ಫೋಲ್ಡರಿನಲ್ಲಿ ಇಡಬೇಕು. ನೋಟ್‌ಪ್ಯಾಡಿನಲ್ಲಿ ಕನ್ನಡ ಬರೆದು "ಎಎನ್ಎಸ್ಐ" ಎಂಬ ಆಯ್ಕೆಯಲ್ಲಿ ಉಳಿಸಿದರೆ ಎಲ್ಲವೂ ಪ್ರಶ್ನಾರ್ಥಕ ಚಿಹ್ನೆಗಳಾಗುತ್ತವೆ, ಅವನ್ನು ಯಾವ ಪರಿವರ್ತಕವೂ ಮರಳಿ ತರಲಾರದು. ಆಲಮಟ್ಟಿ ಹಿನ್ನೀರಿನ ಮುಳುಗಡೆಯ ಊರಿನಿಂದ ಟ್ರಂಕುಗಳಲ್ಲಿ ಉತಾರ (ಪಹಣಿ), ಖರೀದಿಪತ್ರಗಳನ್ನು ಹೊತ್ತು ನವನಗರಕ್ಕೆ ಬಂದವರಿಗೆ ಸ್ಥಳಾಂತರದ ಅರ್ಥವನ್ನು ಹೇಳಿಕೊಡಬೇಕಾಗಿಲ್ಲ. ದತ್ತಾಂಶಕ್ಕೂ ಐದಾರು ವರ್ಷಕ್ಕೊಮ್ಮೆ ಹಳೆಯ ಡಿಸ್ಕಿನಿಂದ ಹೊಸದಕ್ಕೆ, ಹಳೆಯ ನಮೂನೆಯಿಂದ ಹೊಸದಕ್ಕೆ ಅಂಥದೊಂದು ಸ್ಥಳಾಂತರ ಬೇಕಾಗುತ್ತದೆ.

ಡಿಲೀಟ್ ಮತ್ತು ಫಾರ್ಮ್ಯಾಟ್

ಹಳೆಯ ಕಂಪ್ಯೂಟರನ್ನು ಮಾರುವ ಮುನ್ನ ಕಡತಗಳನ್ನು ಡಿಲೀಟ್ ಮಾಡಿದರೆ, ಅಥವಾ ಕ್ವಿಕ್ ಫಾರ್ಮ್ಯಾಟ್ ಮಾಡಿದರೆ, ಅಳಿಯುವುದು ವಿಳಾಸಪಟ್ಟಿ ಮಾತ್ರ. ಹಾರ್ಡ್ ಡಿಸ್ಕಿನಲ್ಲಿ ಒಳಗಿನ ಬರಹ ಹಾಗೆಯೇ ಉಳಿದು, ಮರಳಿ ತೆಗೆಯುವ ತಂತ್ರಾಂಶಕ್ಕೆ ಸಿಗುತ್ತದೆ. ಸದಸ್ಯರ ಆಧಾರ್ ಪ್ರತಿಗಳಿದ್ದ ಡಿಸ್ಕನ್ನು ಪೂರ್ಣ ಫಾರ್ಮ್ಯಾಟ್ ಮಾಡಿಯೇ ಕೊಡಿರಿ. ಎಸ್ಎಸ್‌ಡಿಯಲ್ಲಿ ಟ್ರಿಮ್ ಎಂಬ ಆಜ್ಞೆಯಿಂದಾಗಿ ಡಿಲೀಟ್ ಮಾಡಿದ್ದು ಬೇಗನೆ ನಿಜವಾಗಿಯೇ ಹೋಗಿಬಿಡುತ್ತದೆ, ಆದ್ದರಿಂದ ತಪ್ಪಿ ಅಳಿಸಿದವರು ಹಾರ್ಡ್ ಡಿಸ್ಕಿನ ಕಾಲದ ಭರವಸೆಯನ್ನು ಇಟ್ಟುಕೊಳ್ಳಬಾರದು. ಕೂಡಲೇ ಯಂತ್ರವನ್ನು ಬಂದ್ ಮಾಡಿ ತಿಳಿದವರ ಬಳಿಗೆ ಒಯ್ಯಬೇಕು.

ಯಾರಿಗೆ ಯಾವುದು

ಮನೆಯವರಿಗೆ, ಅಂದರೆ ಮಕ್ಕಳ ಫೋಟೋ, ಉತಾರದ ಸ್ಕ್ಯಾನು, ಅಂಕಪಟ್ಟಿಗಳಷ್ಟೇ ಇರುವವರಿಗೆ, 1 ಟಿಬಿಯ ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಮತ್ತು ಮುಖ್ಯವಾದ ಕಾಗದಗಳಿಗೆ ಕ್ಲೌಡಿನ ಬಿಟ್ಟಿ ಜಾಗ ಸಾಕು. ಫೋಟೋಗಳನ್ನು ವಾಟ್ಸಾಪಿನಿಂದ ಕೂಡಿಸಬೇಡಿರಿ, ಅಲ್ಲಿ ಕುಗ್ಗಿಸಿದ ಪ್ರತಿ ಮಾತ್ರ ಬರುತ್ತದೆ. "ಡಾಕ್ಯುಮೆಂಟ್" ಎಂದು ಕಳಿಸಿದರೆ ಮೂಲ ಬರುತ್ತದೆ.

ಫೋಟೋ ಸ್ಟುಡಿಯೋದವರಿಗೆ ಲೆಕ್ಕ ಬೇರೆ. 100 ಎಂಬಿಪಿಎಸ್‌ನಲ್ಲಿ ತೆಗೆದ 4ಕೆ ವಿಡಿಯೋ ತಾಸಿಗೆ 45 ಜಿಬಿ ತಿನ್ನುತ್ತದೆ. ಎಡಿಟಿಂಗಿಗೆ ಎನ್‌ವಿಎಂಇ ಎಸ್ಎಸ್‌ಡಿ (ಇವರಿಗೆ ಮಾತ್ರ ಅದರ ವೇಗ ದುಡ್ಡಿಗೆ ತಕ್ಕದ್ದು), ಮುಗಿದ ಕೆಲಸಕ್ಕೆ 4 ಟಿಬಿಯ ಎರಡು ಹಾರ್ಡ್ ಡಿಸ್ಕುಗಳು, ಒಂದು ಅಂಗಡಿಯಲ್ಲಿ, ಒಂದು ಮನೆಯಲ್ಲಿ. ಆಲ್ಬಂ ಕೊಟ್ಟು ಹಣ ಪೂರ್ತಿ ಬರುವವರೆಗೆ ಕ್ಯಾಮೆರಾದ ಕಾರ್ಡನ್ನು ಅಳಿಸದಿದ್ದರೆ ಇನ್ನೂ ಒಳ್ಳೆಯದು.

ಖಣ, ಇಳಕಲ್ ಸೀರೆಯ ವಿನ್ಯಾಸಗಳನ್ನು ಕಂಪ್ಯೂಟರಿನಲ್ಲಿ ಬರೆಯುವ ನೇಕಾರರು ಜೆಪಿಇಜಿಯಲ್ಲಿ ಉಳಿಸಬೇಡಿರಿ. ಅದು ಉಳಿಸಿದಾಗಲೆಲ್ಲ ಒಂದಿಷ್ಟನ್ನು ಬಿಟ್ಟುಕೊಡುವ ನಮೂನೆ, ಒಂದು ಎಳೆಯ ಅಂಚು ಮಸುಕಾಗುತ್ತದೆ. ಪಿಎನ್‌ಜಿ ಅಥವಾ ಬಿಎಂಪಿಯಲ್ಲಿ ಇದ್ದದ್ದು ಇದ್ದಂತೆ ಉಳಿಯುತ್ತದೆ. ರಂಧ್ರ ಕೊರೆದ ಜಕಾರ್ಡ್ ಕಾರ್ಡುಗಳ ಸರಮಾಲೆಯನ್ನು ಮಗ್ಗದ ಮೇಲೆ ತೂಗಿಬಿಟ್ಟವರಿಗೆ ಒಂದು ರಂಧ್ರ ತಪ್ಪಿದರೆ ನೇಯ್ಗೆಯಲ್ಲಿ ಏನಾಗುತ್ತದೆಂದು ಗೊತ್ತೇ ಇದೆ. 1804ರ ಆ ಕಾರ್ಡಿನ ಉಪಾಯದಿಂದಲೇ ಮುಂದೆ ಕಂಪ್ಯೂಟರಿನ ಪಂಚ್ ಕಾರ್ಡಿಗೂ ದಾರಿಯಾಯಿತು.

ಸಹಕಾರಿ ಸಂಘಕ್ಕೆ ಸರ್ವರಿನಲ್ಲಿ ರೇಡ್ 1, ದಿನದ ಕೊನೆಗೆ ತಾನಾಗಿ ಆಗುವ ಬ್ಯಾಕಪ್, ಸರದಿಯ ಮೇಲೆ ಬದಲಾಗುವ ಎರಡು ಎಕ್ಸ್‌ಟರ್ನಲ್ ಡಿಸ್ಕುಗಳು, ಜೊತೆಗೆ ಎನ್‌ಕ್ರಿಪ್ಟ್ ಮಾಡಿದ ಒಂದು ಪ್ರತಿ ಬೇರೆ ಊರಿನಲ್ಲಿ ಇರಬೇಕು. ತಿಂಗಳಿಗೊಮ್ಮೆ ಆ ಡಿಸ್ಕನ್ನು ಬೇರೊಂದು ಕಂಪ್ಯೂಟರಿಗೆ ಜೋಡಿಸಿ, ಯಾರಾದರೊಬ್ಬ ಸದಸ್ಯರ ಖಾತೆಯನ್ನು ಮರುಸ್ಥಾಪಿಸಿ, ಶಿಲ್ಕನ್ನು ಕಾಗದದ ಖತಾವಣಿಯೊಡನೆ ತಾಳೆ ನೋಡಿರಿ. ಡಿಸ್ಕಿನ ಮೇಲೆ ಒಂದು ಚೀಟಿ ಅಂಟಿಸಿ: ಒಳಗೆ ಏನಿದೆ, ಯಾವ ತಾರೀಖಿನವರೆಗಿನದು, ಯಾವ ತಂತ್ರಾಂಶದಿಂದ ತೆರೆಯಬೇಕು, ಕೊನೆಗೆ ಯಾವಾಗ ಪರೀಕ್ಷಿಸಿದ್ದು. ಪಾಸ್‌ವರ್ಡನ್ನು ಮಾತ್ರ ಆ ಚೀಟಿಯಲ್ಲಿ ಬರೆಯದೆ, ಮುಚ್ಚಿದ ಲಕೋಟೆಯಲ್ಲಿ ಅಧ್ಯಕ್ಷರು ಮತ್ತು ಕಾರ್ಯದರ್ಶಿ ಇಬ್ಬರ ಬಳಿಯೂ ಒಂದೊಂದು ಇಡಿರಿ.